ರಕ್ತದ ಬಣ್ಣ ಹೇಳಿದ ಕಥೆ

ಬೆರಳ ತುದಿ ಕೊಯ್ದುಕೊಂಡಾಗ ಬರುವ ರಕ್ತದ ಬಣ್ಣವೂ, ಪರೀಕ್ಷೆಗೆಂದು ತೋಳಿನ ಅಭಿಧಮನಿಗೆ ಸೂಜಿ ಚುಚ್ಚಿ ಸಿರಿಂಜಿಗೆ ಎಳೆದುಕೊಂಡ ರಕ್ತದ ಬಣ್ಣವೂ ಒಂದೇ ಅಲ್ಲ. ಮೊದಲನೆಯದು ದಾಸವಾಳದ ಕೆಂಪು. ಎರಡನೆಯದು ಕಪ್ಪು ಬೆರೆತಂತಿರುವ ಗಾಢ ಕೆಂಪು. ಶಾಲೆಯ ಗೋಡೆಗೆ ತೂಗುಹಾಕುತ್ತಿದ್ದ ರಕ್ತಪರಿಚಲನೆಯ ಚಿತ್ರಪಟ ನಿಮಗೆ ನೆನಪಿರಬಹುದು. ಅದರಲ್ಲಿ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ನೀಲಿ ಬಳಿದಿರುತ್ತಿತ್ತು. ನೀಲಿ ಎಂಬುದು ಕೇವಲ ಗುರುತಿಗಾಗಿ. ಮನುಷ್ಯರಾರ ಮೈಯಲ್ಲಿಯೂ ನೀಲಿ ರಕ್ತ ಹರಿಯುವುದಿಲ್ಲ. ಆದರೆ ಎರಡು ಬಗೆಯ ಕೆಂಪು ಇರುವುದು ನಿಜ.

"ರಕ್ತವು ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಪಡೆದು ದೇಹದ ಎಲ್ಲ ಭಾಗಗಳಿಗೂ ಒಯ್ಯುತ್ತದೆ" ಎಂಬ ವಾಕ್ಯವನ್ನು ತರಗತಿಯಲ್ಲಿ ನಾವು ಕೆಲವೇ ನಿಮಿಷಗಳಲ್ಲಿ ಹೇಳಿ ಮುಗಿಸುತ್ತಿದ್ದೆವು. ಆ ಒಂದು ವಾಕ್ಯವನ್ನು ಪೂರ್ತಿಯಾಗಿ ಅರಿಯಲು ಮನುಷ್ಯನಿಗೆ ಮುನ್ನೂರು ವರ್ಷಗಳಿಗೂ ಮಿಕ್ಕ ಕಾಲ ಬೇಕಾಯಿತು. ಆ ಕಾಲದುದ್ದಕ್ಕೂ ಸಂಶೋಧಕರಿಗೆ ಮತ್ತೆ ಮತ್ತೆ ದಾರಿ ತೋರಿದ್ದು ಈ ಎರಡು ಕೆಂಪುಗಳ ನಡುವಿನ ವ್ಯತ್ಯಾಸವೇ. ಆ ಕಥೆಯನ್ನು ಇಲ್ಲಿ ಹೇಳುತ್ತೇನೆ. ಕೊನೆಯಲ್ಲಿ ನಮ್ಮ ನಿಮ್ಮ ಮನೆಗಳಿಗೆ ಸಂಬಂಧಿಸಿದ ಒಂದು ಮಾತೂ ಇದೆ.

ಕ್ರಿಸ್ತಶಕ ಎರಡನೆಯ ಶತಮಾನದಲ್ಲಿದ್ದ ಗ್ರೀಕ್ ವೈದ್ಯ ಗೇಲೆನ್, ರಕ್ತವು ಯಕೃತ್ತಿನಲ್ಲಿ ಹುಟ್ಟಿ, ಅವಯವಗಳಿಗೆ ಹರಿದು, ಗದ್ದೆಗೆ ಬಿಟ್ಟ ನೀರಿನಂತೆ ಅಲ್ಲಿಯೇ ಇಂಗಿಹೋಗುತ್ತದೆ ಎಂದು ನಂಬಿದ್ದನು. ಹೃದಯದ ಬಲಭಾಗದಿಂದ ಎಡಭಾಗಕ್ಕೆ ನಡುಗೋಡೆಯ ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ಸ್ವಲ್ಪ ರಕ್ತ ಜಿನುಗುತ್ತದೆ ಎಂಬುದು ಅವನ ಅಭಿಪ್ರಾಯ. ಹದಿಮೂರನೆಯ ಶತಮಾನದಲ್ಲಿ ದಮಾಸ್ಕಸ್ಸಿನಲ್ಲಿ ಕಲಿತು ಕೈರೋದಲ್ಲಿ ಬಾಳಿದ ವೈದ್ಯ ಇಬ್ನ್ ಅಲ್-ನಫೀಸ್, ಆ ಗೋಡೆಯಲ್ಲಿ ಅಂಥ ರಂಧ್ರಗಳೇ ಇಲ್ಲ, ರಕ್ತವು ಶ್ವಾಸಕೋಶವನ್ನು ಸುತ್ತಿಕೊಂಡೇ ಎಡಭಾಗಕ್ಕೆ ಬರಬೇಕು ಎಂದು ಸ್ಪಷ್ಟವಾಗಿ ಬರೆದನು. ಯೂರೋಪಿನಲ್ಲಿ ಮೈಕೇಲ್ ಸರ್ವೀಟಸ್ ಅದೇ ಮಾತನ್ನು ಹೇಳಿ, ರಕ್ತದ ಬಣ್ಣ ಬದಲಾಗುವುದು ಶ್ವಾಸಕೋಶದಲ್ಲಿಯೇ ಎಂದೂ ಸೂಚಿಸಿದನು. ಈ ಮಾತು ಇದ್ದದ್ದು ಒಂದು ಧರ್ಮಶಾಸ್ತ್ರದ ಗ್ರಂಥದಲ್ಲಿ. ಅವನ ಧಾರ್ಮಿಕ ಅಭಿಪ್ರಾಯಗಳಿಗಾಗಿ 1553ರಲ್ಲಿ ಜಿನೀವಾದಲ್ಲಿ ಅವನನ್ನು ಜೀವಂತ ಸುಟ್ಟರು.

1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಗೇಲೆನ್ನನ ಮತವನ್ನು ಒಂದು ಸರಳವಾದ ಲೆಕ್ಕದಿಂದ ಬುಡಮೇಲು ಮಾಡಿದನು. ಹೃದಯ ಒಂದು ಸಲ ಬಡಿದಾಗ ಹೊರದೂಡುವ ರಕ್ತವೆಷ್ಟು, ಅರ್ಧ ಗಂಟೆಯಲ್ಲಿ ಎಷ್ಟು ಬಡಿತಗಳು ಎಂದು ಗುಣಿಸಿ ನೋಡಿದರೆ, ಬರುವ ಮೊತ್ತ ದೇಹದಲ್ಲಿರುವ ಒಟ್ಟು ರಕ್ತಕ್ಕಿಂತ ಹೆಚ್ಚು. ಅಷ್ಟು ರಕ್ತವನ್ನು ಯಕೃತ್ತು ಹೊಸದಾಗಿ ಹೆರಲಾರದು. ಆದ್ದರಿಂದ ಇದ್ದ ರಕ್ತವೇ ಸುತ್ತಿ ಸುತ್ತಿ ಬರುತ್ತಿರಬೇಕು. ಅಪಧಮನಿಗೂ ಅಭಿಧಮನಿಗೂ ನಡುವೆ ಇರಬೇಕಾದ ಸೂಕ್ಷ್ಮ ನಾಳಗಳು ಹಾರ್ವೆಗೆ ಕಾಣಲಿಲ್ಲ. 1661ರಲ್ಲಿ ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಆ ಲೋಮನಾಳಗಳನ್ನು ಕಂಡನು. ರಕ್ತ ಸುತ್ತುತ್ತದೆ ಎಂಬುದೇನೋ ನಿಶ್ಚಯವಾಯಿತು. ಆದರೆ ಅದು ಏತಕ್ಕಾಗಿ ಸುತ್ತುತ್ತದೆ? ಶ್ವಾಸಕೋಶಕ್ಕೆ ಹೋಗಿ ಬರುವುದರಲ್ಲಿ ಅದಕ್ಕೆ ಏನು ಲಾಭ?

ಈ ಪ್ರಶ್ನೆಗೆ ಬಣ್ಣವನ್ನು ಹಿಡಿದು ಉತ್ತರ ಹುಡುಕಿದವನು ಹಾರ್ವೆಯ ನಂತರದ ಪೀಳಿಗೆಯ ರಿಚರ್ಡ್ ಲೋವರ್. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ 1667ರಲ್ಲಿ ರಾಬರ್ಟ್ ಹುಕ್ ಮತ್ತು ಲೋವರ್ ನಾಯಿಯೊಂದರ ಎದೆಯನ್ನು ತೆರೆದು, ಶ್ವಾಸಕೋಶದ ಮೇಲ್ಮೈಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ, ತಿದಿಯಿಂದ ಒಂದೇ ಸಮನೆ ಗಾಳಿ ಊದಿದರು. ಶ್ವಾಸಕೋಶ ಅಲುಗಾಡದೆ ಉಬ್ಬಿಕೊಂಡೇ ಇತ್ತು. ಆದರೂ ನಾಯಿ ಬದುಕಿತ್ತು. ಅಂದರೆ ಪ್ರಾಣವನ್ನು ಉಳಿಸುವುದು ಶ್ವಾಸಕೋಶದ ಏರಿಳಿತವಲ್ಲ, ಒಳಗೆ ಹೋಗುವ ಹೊಸ ಗಾಳಿ. ಇಂಥದೇ ಪ್ರಯೋಗವನ್ನು 1664ರಲ್ಲಿ ಮಾಡಿದ್ದ ಹುಕ್, ಆ ಪ್ರಾಣಿಯ ಯಾತನೆಯನ್ನು ಕಂಡು, ಮತ್ತೆ ಮಾಡಲು ತನಗೆ ಮನಸ್ಸಾಗುವುದಿಲ್ಲವೆಂದು ಬಾಯ್ಲ್‌ಗೆ ಪತ್ರ ಬರೆದಿದ್ದನು. ನಮ್ಮ ಪಠ್ಯಪುಸ್ತಕದ ಒಂದು ಸಾಲಿನ ಹಿಂದೆ ಆ ಮೂಕಪ್ರಾಣಿಗಳ ನೋವೂ ಇದೆ ಎಂಬುದನ್ನು ಮರೆಯಬಾರದು.

ಲೋವರ್ ಮುಂದುವರಿದು ಶ್ವಾಸನಾಳವನ್ನು ಮುಚ್ಚಿ ನೋಡಿದನು. ಕುತ್ತಿಗೆಯ ಅಪಧಮನಿಯಿಂದ ಬಂದ ರಕ್ತವೂ ಅಭಿಧಮನಿಯ ರಕ್ತದಂತೆ ಕಪ್ಪಾಗಿತ್ತು. ಕಪ್ಪು ರಕ್ತವನ್ನು ಗಾಳಿ ತುಂಬಿದ ಶ್ವಾಸಕೋಶದ ಮೂಲಕ ಹಾಯಿಸಿದರೆ ಅದು ಕೆಂಪಾಗಿ ಹೊರಬಂದಿತು. ಹೆಪ್ಪುಗಟ್ಟಿದ ರಕ್ತದ ಮೇಲ್ಭಾಗ ಕೆಂಪಾಗಿಯೂ ತಳ ಕಪ್ಪಾಗಿಯೂ ಇರುತ್ತದೆ; ಅದನ್ನು ಮಗುಚಿ ಹಾಕಿದರೆ ತಳವೂ ಗಾಳಿ ತಾಗಿ ಕೆಂಪಾಗುತ್ತದೆ. ಹೃದಯದ ಬಿಸಿಯಿಂದಲೋ ಎಡ ಹೃತ್ಕುಕ್ಷಿಯ ಮಹಿಮೆಯಿಂದಲೋ ಬಣ್ಣ ಬರುವುದಿಲ್ಲ, ರಕ್ತವು ಗಾಳಿಯಿಂದ ಏನನ್ನೋ ಹೀರಿಕೊಂಡಾಗ ಬರುತ್ತದೆ ಎಂದು 1669ರ ತನ್ನ ಗ್ರಂಥದಲ್ಲಿ ಲೋವರ್ ಬರೆದನು.

ಆ "ಏನನ್ನೋ" ಎಂಬುದು ಏನು? 1674ರಲ್ಲಿ ಜಾನ್ ಮೇಯೋ ಎಂಬಾತ, ಮುಚ್ಚಿದ ಪಾತ್ರೆಯಲ್ಲಿ ದೀಪವೂ ಇಲಿಯೂ ಗಾಳಿಯ ಒಂದೇ ಅಂಶವನ್ನು ಬಳಸಿಕೊಳ್ಳುತ್ತವೆ ಎಂದು ತೋರಿಸಿದ್ದನು. ಆದರೆ ಅದಾದ ಮೇಲೆ ಒಂದು ಶತಮಾನ ರಸಾಯನಶಾಸ್ತ್ರ ಬೇರೆ ದಾರಿ ಹಿಡಿಯಿತು. ಉರಿಯುವ ವಸ್ತುವಿನಿಂದ ಫ್ಲೊಜಿಸ್ಟನ್ ಎಂಬುದೊಂದು ಹೊರಹೋಗುತ್ತದೆ ಎಂಬ ಸಿದ್ಧಾಂತ ಎಲ್ಲರನ್ನೂ ಆಳಿತು. 1774ರ ಆಗಸ್ಟ್ 1ರಂದು ಜೋಸೆಫ್ ಪ್ರೀಸ್ಟ್ಲಿ ದೊಡ್ಡ ಮಸೂರದಿಂದ ಪಾದರಸದ ಕೆಂಪು ಭಸ್ಮವನ್ನು ಕಾಯಿಸಿ ಒಂದು ಹೊಸ ಅನಿಲವನ್ನು ಪಡೆದನು. ಅದರಲ್ಲಿ ಮೇಣದ ಬತ್ತಿ ಪ್ರಜ್ವಲಿಸಿತು, ಇಲಿ ಹೆಚ್ಚು ಹೊತ್ತು ಬದುಕಿತು. ಸ್ವೀಡನ್ನಿನ ಶೀಲೆ ಅದಕ್ಕೂ ಮೊದಲೇ ಅದನ್ನು ತಯಾರಿಸಿದ್ದನು, ಆದರೆ ಪ್ರಕಟಣೆ ತಡವಾಯಿತು. ತೇವವಾದ ಪ್ರಾಣಿಚೀಲದ ಪೊರೆ ಅಡ್ಡವಿದ್ದರೂ ಕಪ್ಪು ರಕ್ತ ಈ ಅನಿಲದಿಂದ ಕೆಂಪಾಗುತ್ತದೆ ಎಂದೂ ಪ್ರೀಸ್ಟ್ಲಿ ತೋರಿಸಿದನು. ಶ್ವಾಸಕೋಶದಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಇರುವುದು ಅಂಥದೇ ತೆಳುಪೊರೆ ಎಂಬುದನ್ನು ನೆನೆದರೆ ಈ ಪ್ರಯೋಗದ ಬೆಲೆ ತಿಳಿಯುತ್ತದೆ.

ಅನಿಲಕ್ಕೆ ಹೆಸರಿಟ್ಟವನು ಫ್ರಾನ್ಸಿನ ಲವಾಸಿಯೆ. ಎಲ್ಲ ಆಮ್ಲಗಳಿಗೂ ಇದೇ ಮೂಲವೆಂದು ಭಾವಿಸಿ, ಆಮ್ಲವನ್ನು ಹುಟ್ಟಿಸುವಂಥದು ಎಂಬ ಅರ್ಥದ ಗ್ರೀಕ್ ಪದಗಳಿಂದ ಹೆಸರು ಕಟ್ಟಿದನು. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಈ ಅನಿಲ ಇಲ್ಲವೇ ಇಲ್ಲವೆಂದು ಮುಂದೆ ಡೇವಿ ತೋರಿಸಿದರೂ ಹೆಸರು ಉಳಿಯಿತು. ನಮ್ಮ ಕನ್ನಡದ "ಆಮ್ಲಜನಕ" ಆ ಗ್ರೀಕ್ ಹೆಸರಿನ ನೇರ ಅನುವಾದ. ಲವಾಸಿಯೆಯ ತಪ್ಪು ಎಣಿಕೆಯೊಂದು ನಮ್ಮ ನಾಲಗೆಯ ಮೇಲೆ ಇಂದಿಗೂ ಇದೆ. "ಪ್ರಾಣವಾಯು" ಎಂಬ ಇನ್ನೊಂದು ಹೆಸರೇ ಈ ಲೇಖನಕ್ಕೆ ಹೆಚ್ಚು ಒಪ್ಪುತ್ತದೆ. ಲವಾಸಿಯೆ ಮತ್ತು ಲಾಪ್ಲಾಸ್ ಗಿನಿಯಿಲಿಯನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿಟ್ಟು, ಕರಗಿದ ನೀರನ್ನು ಅಳೆದು, ಉಸಿರಾಟವೂ ಒಂದು ಬಗೆಯ ನಿಧಾನದ ದಹನವೇ ಎಂಬ ನಿರ್ಣಯಕ್ಕೆ ಬಂದರು. ಆದರೆ ಆ ಬೆಂಕಿ ಎಲ್ಲಿ ಉರಿಯುತ್ತದೆ? ಶ್ವಾಸಕೋಶದಲ್ಲಿಯೇ ಎಂದು ಲವಾಸಿಯೆ ಊಹಿಸಿದನು. ಹಾಗಿದ್ದರೆ ಅಷ್ಟು ಕಾವನ್ನು ಶ್ವಾಸಕೋಶ ತಾಳೀತೇ ಎಂದು ಗಣಿತಜ್ಞ ಲಗ್ರಾಂಜ್ ಸಂಶಯಪಟ್ಟನು. ಉತ್ತರ ಸಿಗುವ ಮೊದಲೇ, 1794ರ ಮೇ 8ರಂದು, ಕ್ರಾಂತಿಯ ಗಿಲೊಟಿನ್ನಿಗೆ ಲವಾಸಿಯೆ ಬಲಿಯಾದನು.

ಉತ್ತರ ಕೊಟ್ಟವನು ಬರ್ಲಿನ್ನಿನ ಮ್ಯಾಗ್ನಸ್. 1837ರಲ್ಲಿ ಅವನು ರಕ್ತವನ್ನು ನಿರ್ವಾತಕ್ಕೆ ಒಡ್ಡಿ ಅದರಲ್ಲಿದ್ದ ಅನಿಲಗಳನ್ನು ಹೊರಗೆಳೆದು ಅಳೆದನು. ಅಪಧಮನಿಯ ರಕ್ತದಲ್ಲಿಯೂ ಅಭಿಧಮನಿಯ ರಕ್ತದಲ್ಲಿಯೂ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಎರಡೂ ಇದ್ದವು. ಅಪಧಮನಿಯದರಲ್ಲಿ ಆಮ್ಲಜನಕ ಹೆಚ್ಚು. ಅಂದರೆ ಆಮ್ಲಜನಕ ಶ್ವಾಸಕೋಶದಲ್ಲಿ ಉರಿದುಹೋಗುವುದಿಲ್ಲ, ರಕ್ತವನ್ನೇರಿ ದೂರ ಪ್ರಯಾಣ ಮಾಡುತ್ತದೆ. ಬೆಂಕಿ ಇರುವುದು ಮೈಯ ಪ್ರತಿಯೊಂದು ಜೀವಕೋಶದಲ್ಲಿ.

ಈಗ ಒಂದು ಲೆಕ್ಕ ಮಾಡೋಣ. ಆಮ್ಲಜನಕ ನೀರಿನಲ್ಲಿ ಕರಗುವುದು ಬಹಳ ಕಡಿಮೆ. ಒಂದು ಲೀಟರ್ ರಕ್ತದ ದ್ರವದಲ್ಲಿ ಸುಮ್ಮನೆ ಕರಗಿರಬಲ್ಲ ಆಮ್ಲಜನಕ ಸುಮಾರು 3 ಮಿಲಿಲೀಟರ್. ಸುಮ್ಮನೆ ಕುಳಿತ ಮನುಷ್ಯನಿಗೂ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಬೇಕು. ಕರಗಿದ್ದನ್ನೇ ನಂಬಿದರೆ ಹೃದಯವು ನಿಮಿಷಕ್ಕೆ 80 ಲೀಟರಿಗೂ ಹೆಚ್ಚು ರಕ್ತವನ್ನು ದೂಡಬೇಕಾಗುತ್ತಿತ್ತು. ವಾಸ್ತವದಲ್ಲಿ ಅದು ವಿಶ್ರಾಂತಿಯಲ್ಲಿ ದೂಡುವುದು ಸುಮಾರು 5 ಲೀಟರ್. ಆದ್ದರಿಂದ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ವಾಹಕವೊಂದು ಇರಲೇಬೇಕು. ಅನಿಲ ಕರಗುವ ಸಾಮಾನ್ಯ ನಿಯಮವನ್ನು ರಕ್ತದ ಆಮ್ಲಜನಕ ಪಾಲಿಸುವುದಿಲ್ಲ, ಅದು ರಾಸಾಯನಿಕವಾಗಿ ಏನಕ್ಕೋ ಅಂಟಿಕೊಂಡಿದೆ ಎಂದು 1857ರಲ್ಲಿ ತೋರಿಸಿದವನು ಲೋಥರ್ ಮೇಯರ್. ಧಾತುಗಳ ಆವರ್ತಕೋಷ್ಟಕದ ಪಾಠದಲ್ಲಿ ಮೆಂಡಲೀವ್‌ನ ಜೊತೆಗೆ ಬರುತ್ತಿದ್ದ ಮೇಯರ್ ಇವನೇ.

ವಾಹಕವನ್ನು ಗುರುತಿಸಲು ಮತ್ತೆ ಬಣ್ಣವೇ ನೆರವಾಯಿತು. ಜರ್ಮನಿಯ ಟ್ಯೂಬಿಂಗನ್ ನಗರದ ಹಳೆಯ ಕೋಟೆಯೊಳಗಿನ ಪ್ರಯೋಗಶಾಲೆಯಲ್ಲಿ ಹೋಪೆ-ಸೈಲರ್ 1862ರಲ್ಲಿ ರಕ್ತದ ಮೂಲಕ ಬೆಳಕನ್ನು ಹಾಯಿಸಿ ಅದರ ರೋಹಿತದಲ್ಲಿ ಎರಡು ಕಪ್ಪು ಪಟ್ಟಿಗಳನ್ನು ಕಂಡನು. 1864ರಲ್ಲಿ ಆ ಕೆಂಪು ವಸ್ತುವಿಗೆ ಹಿಮೋಗ್ಲೋಬಿನ್ ಎಂದು ಹೆಸರಿಟ್ಟನು. ಅದೇ ವರ್ಷ ಕೇಂಬ್ರಿಡ್ಜಿನ ಭೌತವಿಜ್ಞಾನಿ ಸ್ಟೋಕ್ಸ್, ಆಮ್ಲಜನಕವನ್ನು ಕಸಿದುಕೊಳ್ಳುವ ಕಬ್ಬಿಣದ ಲವಣವೊಂದನ್ನು ರಕ್ತಕ್ಕೆ ಸೇರಿಸಿದಾಗ ಎರಡು ಪಟ್ಟಿಗಳು ಕೂಡಿ ಒಂದಾಗುವುದನ್ನೂ, ದ್ರಾವಣ ಕಪ್ಪಗಾಗುವುದನ್ನೂ ಕಂಡನು. ಗಾಳಿಯಲ್ಲಿ ಚೆನ್ನಾಗಿ ಕುಲುಕಿದರೆ ಮತ್ತೆ ಎರಡು ಪಟ್ಟಿ, ಮತ್ತೆ ಕೆಂಪು! ಲೋವರ್ ಕಂಡ ಎರಡು ಕೆಂಪುಗಳ ಗುಟ್ಟು ಇದು. ಒಂದೇ ವಸ್ತು, ಆಮ್ಲಜನಕವನ್ನು ಹೊತ್ತಾಗ ಒಂದು ಬಣ್ಣ, ಇಳಿಸಿದಾಗ ಇನ್ನೊಂದು.

ಈ ಜ್ಞಾನ ಬರಿಯ ಕುತೂಹಲದ ವಿಷಯವಲ್ಲ, ಜೀವನ್ಮರಣದ ವಿಷಯ ಎಂಬುದು 1875ರ ಏಪ್ರಿಲ್ 15ರಂದು ಜಗತ್ತಿಗೆ ಮನದಟ್ಟಾಯಿತು. ಆ ದಿನ ಫ್ರಾನ್ಸಿನ ಮೂವರು "ಜೆನಿತ್" ಎಂಬ ಬಲೂನಿನಲ್ಲಿ 8,000 ಮೀಟರಿಗೂ ಮೇಲೆ ಏರಿದರು. ಗಾಳಿಯ ಒತ್ತಡದ ಮೇಲೆ ಪ್ರಯೋಗ ನಡೆಸುತ್ತಿದ್ದ ಪಾಲ್ ಬೇರ್‌ನ ಸಲಹೆಯಂತೆ ಆಮ್ಲಜನಕದ ಚೀಲಗಳನ್ನೂ ಒಯ್ದಿದ್ದರು. ಆದರೆ ಬೇಕಾದ ಹೊತ್ತಿಗೆ ಕೈ ಎತ್ತಿ ಚೀಲದ ನಳಿಕೆಯನ್ನು ಹಿಡಿಯುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಕ್ರೋಚೆ-ಸ್ಪಿನೆಲ್ಲಿ ಮತ್ತು ಸಿವೆಲ್ ತೀರಿಕೊಂಡರು. ಟಿಸಾಂಡಿಯೆ ಒಬ್ಬನೇ ಬದುಕಿ ಬಂದನು. ಆಮ್ಲಜನಕದ ಕೊರತೆ ನೋವಾಗಿ ಎಚ್ಚರಿಸುವುದಿಲ್ಲ, ಮಂಪರಾಗಿ ಆವರಿಸುತ್ತದೆ. ಅದೇ ಅದರ ಭಯಂಕರ ಗುಣ.

ಮುಂದಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಮೂಟೆ ಹೊರುವ ಹಮಾಲಿ ಹೊತ್ತರೆ ಸಾಲದು, ಸರಿಯಾದ ಅಂಗಡಿಯ ಮುಂದೆ ಇಳಿಸಲೂ ಬೇಕು. ಶ್ವಾಸಕೋಶದಲ್ಲಿ ಬಿಗಿಯಾಗಿ ಹಿಡಿಯುವ ಹಿಮೋಗ್ಲೋಬಿನ್ ಸ್ನಾಯುವಿನಲ್ಲಿ ಹೇಗೆ ಬಿಟ್ಟುಕೊಡುತ್ತದೆ? 1904ರಲ್ಲಿ ಕೋಪನ್‌ಹೇಗನ್ನಿನ ಕ್ರಿಶ್ಚಿಯನ್ ಬೋರ್ ಮತ್ತು ಸಂಗಡಿಗರು ಇದಕ್ಕೆ ಉತ್ತರದ ಎಳೆಯನ್ನು ಹಿಡಿದರು. (ಪರಮಾಣುವಿನ ನೀಲ್ಸ್ ಬೋರ್ ಇವನ ಮಗ.) ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ಹಿಮೋಗ್ಲೋಬಿನ್ನಿನ ಹಿಡಿತ ಸಡಿಲವಾಗುತ್ತದೆ. ಆಮ್ಲತೆಯೂ ಕಾವೂ ಅದೇ ಕೆಲಸ ಮಾಡುತ್ತವೆ. ಹೆಚ್ಚು ದುಡಿಯುವ ಸ್ನಾಯುವಿನಲ್ಲಿ ಈ ಮೂರೂ ಹೆಚ್ಚು; ಆದ್ದರಿಂದ ಹೆಚ್ಚು ದುಡಿಯುವವನಿಗೆ ಹೆಚ್ಚು ಪಾಲು ತಾನಾಗಿಯೇ ದೊರೆಯುತ್ತದೆ.

ಆದರೆ ಶ್ವಾಸಕೋಶವು ಗ್ರಂಥಿಯಂತೆ ಆಮ್ಲಜನಕವನ್ನು ತಾನೇ ರಕ್ತದೊಳಕ್ಕೆ ಸ್ರವಿಸುತ್ತದೆ ಎಂದು ಬೋರ್ ನಂಬಿದ್ದನು. ಅವನ ಶಿಷ್ಯ ಆಗಸ್ಟ್ ಕ್ರೋಗ್ ತನ್ನ ಪತ್ನಿ ಮೇರಿಯೊಡನೆ 1910ರಲ್ಲಿ ಗುರುವಿನ ಈ ಮತವನ್ನು ಪ್ರಯೋಗಗಳಿಂದ ಅಲ್ಲಗಳೆದನು. ಹೆಚ್ಚಿದ್ದಲ್ಲಿಂದ ಕಡಿಮೆಯಿದ್ದಲ್ಲಿಗೆ ಹರಡಿಕೊಳ್ಳುವ ಸರಳ ಕ್ರಿಯೆಯೇ ಸಾಕೆಂದು ಆ ದಂಪತಿಗಳು ತೋರಿಸಿದರು. ವಾದ ಅಲ್ಲಿಗೆ ಮುಗಿಯಲಿಲ್ಲ. ಕೇಂಬ್ರಿಡ್ಜಿನ ಜೋಸೆಫ್ ಬಾರ್‌ಕ್ರಾಫ್ಟ್ 1920ರಲ್ಲಿ ಗಾಜಿನ ಕೋಣೆಯೊಂದರಲ್ಲಿ ಆರು ದಿನ ತಾನೇ ಬಂದಿಯಾಗಿ, ಒಳಗಿನ ಆಮ್ಲಜನಕವನ್ನು ಎತ್ತರದ ಪರ್ವತದ ಮಟ್ಟಕ್ಕೆ ಇಳಿಸಿಕೊಂಡು, ಕೊನೆಗೆ ತನ್ನ ಮುಂಗೈಯ ಅಪಧಮನಿಯನ್ನೇ ತೆರೆಸಿದನು. ಬಂದ ರಕ್ತ ಕಪ್ಪಾಗಿತ್ತು! ಶ್ವಾಸಕೋಶ ಗುಟ್ಟಾಗಿ ಆಮ್ಲಜನಕವನ್ನು ತುಂಬಿಕೊಡುವುದಿಲ್ಲ ಎಂಬುದಕ್ಕೆ ಬಣ್ಣವೇ ಸಾಕ್ಷಿ ನುಡಿಯಿತು. ಗುರುವನ್ನು ಗೌರವಿಸುತ್ತಲೇ ಗುರುವಿನ ಮಾತನ್ನು ಪರೀಕ್ಷೆಗೆ ಒಡ್ಡುವ ಶಿಷ್ಯರು ದೊರೆಯುವುದು ಯಾವ ಉಪಾಧ್ಯಾಯನಿಗಾದರೂ ಭಾಗ್ಯವೇ.

ಹಿಮೋಗ್ಲೋಬಿನ್ನಿನ ರೂಪವನ್ನು ಕಂಡವರು ವಿಯೆನ್ನಾದಲ್ಲಿ ಹುಟ್ಟಿ ಕೇಂಬ್ರಿಡ್ಜಿಗೆ ಬಂದು ನೆಲೆಸಿದ ಮ್ಯಾಕ್ಸ್ ಪೆರುಟ್ಜ್. 1937ರಲ್ಲಿ ಕೈಗೆತ್ತಿಕೊಂಡ ಕೆಲಸ ಫಲಿಸಿದ್ದು 1959ರಲ್ಲಿ. ನಡುವೆ ಯುದ್ಧ ಬಂದಿತು. ಶತ್ರುದೇಶದವರೆಂದು ಅವರನ್ನು 1940ರಲ್ಲಿ ಸೆರೆಯಲ್ಲಿಟ್ಟು ಕೆನಡಾಕ್ಕೂ ಸಾಗಿಸಿದ್ದರು. ಇಪ್ಪತ್ತೆರಡು ವರ್ಷ ಒಂದೇ ಅಣುವನ್ನು ಹಿಡಿದು ಕುಳಿತ ಅವರಿಗೆ 1962ರಲ್ಲಿ ಜಾನ್ ಕೆಂಡ್ರ್ಯೂ ಅವರೊಡನೆ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು. ಎಕ್ಸ್-ಕಿರಣಗಳಿಂದ ಅವರು ಕಂಡದ್ದು ನಾಲ್ಕು ಸರಪಳಿಗಳು ಸುತ್ತಿಕೊಂಡ ಒಂದು ಅಣು. ಪ್ರತಿ ಸರಪಳಿಯ ಮಡಿಲಲ್ಲಿ ಒಂದೊಂದು ಕಬ್ಬಿಣದ ಪರಮಾಣು. ಪ್ರತಿ ಕಬ್ಬಿಣಕ್ಕೆ ಒಂದೊಂದು ಆಮ್ಲಜನಕದ ಅಣು. ಒಂದು ಆಮ್ಲಜನಕ ಬಂದು ಕುಳಿತರೆ ಇಡೀ ಅಣುವಿನ ಆಕಾರ ಬದಲಾಗಿ ಉಳಿದ ಸ್ಥಾನಗಳೂ ಸುಲಭವಾಗಿ ತುಂಬುತ್ತವೆ. ನಮ್ಮ ಊಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ಮೊದಲು ಕೂರಲು ಎಲ್ಲರಿಗೂ ಸಂಕೋಚ. ಒಬ್ಬರು ಕುಳಿತರೆ ಉಳಿದವರು ತಾವಾಗಿಯೇ ಕೂರುತ್ತಾರೆ. ಏಳುವಾಗಲೂ ಹಾಗೆಯೇ, ಒಬ್ಬರು ಎದ್ದರೆಂದರೆ ಪಂಕ್ತಿಯೇ ಏಳುತ್ತದೆ. ಹಿಡಿಯುವುದರಲ್ಲಿಯೂ ಬಿಡುವುದರಲ್ಲಿಯೂ ಹಿಮೋಗ್ಲೋಬಿನ್ ತೋರುವ ಚುರುಕಿಗೆ ಇದೇ ಕಾರಣ.

ಬಣ್ಣದ ಕಥೆಯ ಕೊನೆಯ ಅಧ್ಯಾಯ ನಿಮ್ಮೆಲ್ಲರ ಕೈಬೆರಳಿಗೆ ಬಂದದ್ದು. 1974ರಲ್ಲಿ ಜಪಾನಿನ ತಕುವೊ ಅಯೊಯಾಗಿ, ದೇಹದೊಳಕ್ಕೆ ಬೆಳಕು ಹಾಯಿಸಿ, ನಾಡಿಯ ಪ್ರತಿ ಬಡಿತಕ್ಕೆ ಏರಿಳಿಯುವ ಭಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಅಪಧಮನಿಯ ರಕ್ತದ ಬಣ್ಣವನ್ನು ಚರ್ಮದ ಹೊರಗಿನಿಂದಲೇ ಅಳೆಯಬಹುದೆಂದು ಕಂಡುಕೊಂಡರು. ಅದೇ ಪಲ್ಸ್ ಆಕ್ಸಿಮೀಟರ್. ಕೆಂಪು ಮತ್ತು ಅವಕೆಂಪು ಎಂಬ ಎರಡು ಬೆಳಕುಗಳಿಂದ ಅದು ಮಾಡುವುದು ಲೋವರ್ ಕಣ್ಣಿನಿಂದ ಮಾಡಿದ ಕೆಲಸವನ್ನೇ. ಕೋವಿಡ್ ಕಾಲದಲ್ಲಿ, 2020 ಮತ್ತು 2021ರಲ್ಲಿ, ಬಟ್ಟೆಗೆ ಹಾಕುವ ಕ್ಲಿಪ್ಪಿನಂಥ ಈ ಸಾಧನ ಹಳ್ಳಿಯ ಮನೆಗಳಿಗೂ ಬಂದಿತು. ಆರಾಮವಾಗಿ ಮಾತನಾಡುತ್ತಿದ್ದವರ ರಕ್ತದಲ್ಲಿಯೂ ಆಮ್ಲಜನಕ ಕುಸಿದಿರುವುದನ್ನು ಅದು ತೋರಿಸಿಕೊಟ್ಟಿತು. ಅಯೊಯಾಗಿ ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಅವರ ಸಾಧನ ಲೋಕಕ್ಕೆಲ್ಲ ಬೇಕಾಗಿದ್ದ ಹೊತ್ತಿನಲ್ಲಿ.

ಆದರೆ ಬಣ್ಣವನ್ನು ನಂಬುವಾಗ ಮೂರು ಎಚ್ಚರಿಕೆಗಳು ಬೇಕು.

ಮೊದಲನೆಯದು, ಇಂಗಾಲದ ಮಾನಾಕ್ಸೈಡ್. ಅದು ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅದು ಆಮ್ಲಜನಕವನ್ನು ಹೊರದೂಡುತ್ತದೆ ಎಂದು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1857ರಲ್ಲಿಯೇ ತೋರಿಸಿದ್ದನು. ಆಗ ರಕ್ತ ಕಪ್ಪಾಗುವುದಿಲ್ಲ, ಇನ್ನಷ್ಟು ಕೆಂಪಾಗುತ್ತದೆ. ಸಾಮಾನ್ಯ ಆಕ್ಸಿಮೀಟರ್ ಕೂಡ ಮೋಸಹೋಗಿ ಎಲ್ಲ ಸರಿಯಾಗಿದೆ ಎನ್ನುತ್ತದೆ. ಚಳಿಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡವಿಟ್ಟುಕೊಂಡು ಮಲಗಬೇಡಿ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇಡಬೇಡಿ.

ಎರಡನೆಯದು, ಚರ್ಮದ ಬಣ್ಣ ಗಾಢವಾಗಿರುವವರಲ್ಲಿ ಆಕ್ಸಿಮೀಟರ್ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚಿನ ಅಂಕಿಯನ್ನು ತೋರಿಸುತ್ತದೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಧನದ ಕಣ್ಣಿಗೆ ಬೀಳದೆ ಉಳಿದ ಆಮ್ಲಜನಕದ ಕೊರತೆ ಬಿಳಿಯರಿಗಿಂತ ಕಪ್ಪುಜನರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿ ಕಂಡುಬಂದಿತ್ತು. ಅಂಕಿ ಚೆನ್ನಾಗಿದ್ದರೂ ಏದುಸಿರು, ಗೊಂದಲ, ಮಂಪರು ಕಂಡರೆ ಅಂಕಿಯನ್ನು ನೋಡುತ್ತ ಕೂರಬಾರದು, ವೈದ್ಯರ ಬಳಿ ಹೋಗಬೇಕು.

ಮೂರನೆಯದು, ನಾನು ಈ ಲೇಖನವನ್ನು ಬರೆಯಲು ಕುಳಿತದ್ದೇ ಇದಕ್ಕಾಗಿ. ಆಕ್ಸಿಮೀಟರಿನ 98 ಎಂಬ ಅಂಕಿಯ ಅರ್ಥ, ಇರುವ ಗಾಡಿಗಳಲ್ಲಿ ಶೇಕಡ 98 ತುಂಬಿವೆ ಎಂದು ಮಾತ್ರ. ಗಾಡಿಗಳು ಎಷ್ಟಿವೆ ಎಂದು ಅದು ಹೇಳುವುದಿಲ್ಲ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರಬಲ್ಲದು. ನೂರು ಮಿಲಿಲೀಟರ್ ರಕ್ತದಲ್ಲಿ 15 ಗ್ರಾಂ ಇದ್ದವರು 20 ಮಿಲಿಲೀಟರ್ ಒಯ್ದರೆ, 7 ಗ್ರಾಂ ಇದ್ದವರು ಒಯ್ಯುವುದು 9ಕ್ಕೆ ತುಸು ಹೆಚ್ಚು. ಬೆರಳಿನ ಯಂತ್ರ ಇಬ್ಬರಿಗೂ 98 ಎಂದೇ ತೋರಿಸಬಹುದು! ಹೃದಯ ಮಾತ್ರ ಹಗಲಿರುಳು ಹೆಚ್ಚು ದುಡಿದು ಆ ಕೊರತೆಯನ್ನು ತುಂಬುತ್ತಿರುತ್ತದೆ. ಮೆಟ್ಟಿಲೇರಿದರೆ ಏದುಸಿರು, ಸಂಜೆಯಾಗುವಷ್ಟರಲ್ಲಿ ಸುಸ್ತು, ಎದೆಬಡಿತ. "ವಯಸ್ಸಾಯಿತು", "ಕೆಲಸ ಜಾಸ್ತಿಯಾಯಿತು" ಎಂದು ನಮ್ಮ ಹೆಣ್ಣುಮಕ್ಕಳು ಇದನ್ನು ತಳ್ಳಿಹಾಕಿಬಿಡುತ್ತಾರೆ.

ರಕ್ತಹೀನತೆಯನ್ನು ನಮ್ಮ ಹಿಂದಿನವರು ಗುರುತಿಸಿದ್ದೂ ಬಣ್ಣದಿಂದಲೇ. ಆಯುರ್ವೇದದಲ್ಲಿ ಅದು ಪಾಂಡುರೋಗ. ಪಾಂಡು ಎಂದರೆ ಬಿಳಿಚಿದ ಬಣ್ಣ. ಅದಕ್ಕೆ ಲೋಹಭಸ್ಮದ ಔಷಧಗಳನ್ನೂ ಹೇಳಿದ್ದಾರೆ. 1746ರಲ್ಲಿ ಬೊಲೊನ್ಯಾದ ಮೆಂಗಿನಿ ರಕ್ತವನ್ನು ಸುಟ್ಟು, ಆ ಬೂದಿಯಿಂದ ಅಯಸ್ಕಾಂತದ ಮೂಲಕ ಕಬ್ಬಿಣವನ್ನು ಎತ್ತಿ ತೋರಿಸಿದನು. ವಯಸ್ಕರ ಇಡೀ ಮೈಯಲ್ಲಿರುವ ಕಬ್ಬಿಣ ಮೂರು ನಾಲ್ಕು ಗ್ರಾಂ, ಒಂದು ಮೊಳೆಯಷ್ಟು. ಅದರಲ್ಲಿ ಸುಮಾರು ಮೂರನೆಯ ಎರಡು ಪಾಲು ಹಿಮೋಗ್ಲೋಬಿನ್ನಿನಲ್ಲಿದೆ. ಆ ಒಂದು ಮೊಳೆಯಲ್ಲಿ ಕೊರತೆಯಾದರೆ ಗಾಡಿಗಳ ಸಂಖ್ಯೆಯೇ ಇಳಿಯುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇತ್ತು. ಹಾರ್ವೆಯಿಂದ ಪೆರುಟ್ಜ್‌ವರೆಗೆ ಇಷ್ಟೆಲ್ಲ ತಿಳಿದ ಮೇಲೆಯೂ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ಕೊರತೆಯ ರಕ್ತದಲ್ಲಿ ಸಂಸಾರ ತೂಗಿಸುತ್ತಿದ್ದಾರೆ ಎಂದರೆ, ನಾವು ಕಲಿಸಿದ ಪಾಠ ತರಗತಿಯಲ್ಲಿಯೇ ಉಳಿಯಿತೆಂದು ಅರ್ಥ. ಆದ್ದರಿಂದ ನನ್ನ ವಿದ್ಯಾರ್ಥಿನಿಯರಲ್ಲಿಯೂ, ವಿದ್ಯಾರ್ಥಿಗಳ ಮನೆಯವರಲ್ಲಿಯೂ, ನಮ್ಮ ಬಂಧುಬಳಗದ ಸೊಸೆಯರು ಮೊಮ್ಮಕ್ಕಳಲ್ಲಿಯೂ ಒಂದು ಕೋರಿಕೆ. ವರ್ಷಕ್ಕೊಮ್ಮೆಯಾದರೂ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ಮಹಿಳೆಯರಲ್ಲಿ 12 ಗ್ರಾಂಗಿಂತ, ಗರ್ಭಿಣಿಯರಲ್ಲಿ 11ಕ್ಕಿಂತ, ಗಂಡಸರಲ್ಲಿ 13ಕ್ಕಿಂತ ಕಡಿಮೆ ಇದ್ದರೆ ವೈದ್ಯರನ್ನು ಕಂಡು ಕಾರಣ ತಿಳಿದುಕೊಳ್ಳಿ. ಕಬ್ಬಿಣದ ಮಾತ್ರೆ ಕೊಟ್ಟರೆ ಹೊಟ್ಟೆ ತೊಳಸುತ್ತದೆಂದು ನಾಲ್ಕೇ ದಿನಕ್ಕೆ ಬಿಡಬೇಡಿ, ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಿ. ಮಾತ್ರೆ ನುಂಗಿದ ಕೂಡಲೇ ಕಾಫಿ ಟೀ ಕುಡಿಯಬೇಡಿ, ಕಬ್ಬಿಣ ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕ ಒಳ್ಳೆಯದು. ಮನೆಯವರಿಗೆಲ್ಲ ಬಡಿಸಿ ಕೊನೆಯಲ್ಲಿ ಉಳಿದದ್ದನ್ನು ಉಣ್ಣುವ ಪದ್ಧತಿ ಇನ್ನೂ ಇದ್ದರೆ ಅದನ್ನು ಈ ವಾರವೇ ಬಿಡಿ.

ಪರೀಕ್ಷೆ ಮಾಡಿಸಿಕೊಂಡವರು ಫಲಿತಾಂಶದ ಅಂಕಿಯನ್ನು ನನಗೂ ಬರೆದು ತಿಳಿಸಿ. ಹಳೆಯ ಅಭ್ಯಾಸ, ಅಂಕ ಕೇಳದಿದ್ದರೆ ನನಗೆ ಸಮಾಧಾನವಿಲ್ಲ.